ಬಾಗಿಲು ಹಾಕುವ ಮುಂಚಿನ ಕೂಗು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಹಾಕುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಬಾಗಿಲು ಅರ್ಧ ಮುಚ್ಚಿರುವಾಗಲೇ ಬಾಯಿಯಿಂದ ಮಾತು ತಾನಾಗಿ ಹೊರಬೀಳುತ್ತದೆ: "ಉಲಾಯಿ ಏರಾಂಡಲಾ ಉಳ್ಳೆರಾ?" ಒಳಗೆ ಯಾರಾದರೂ ಇದ್ದೀರಾ ಎಂದು ತುಳುವಿನಲ್ಲಿ ಕೇಳುವುದು. ಒಳಗಿರುವುದು ನಿನ್ನೆಯ ಬಂಗುಡೆ ಸಾರು, ಹೆಚ್ಚಿಟ್ಟ ಸೌತೆಕಾಯಿ, ಲಬನ್ ಎಂಬ ಇಲ್ಲಿನ ಮಜ್ಜಿಗೆಯ ಎರಡು ಬಾಟಲಿ. ಇಷ್ಟು ವರ್ಷಗಳಲ್ಲಿ ಅವು ಒಮ್ಮೆಯೂ ಓಗೊಟ್ಟಿಲ್ಲ. ಆದರೂ ನಾನು ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಬಾಗಿಲು ಹಾಕುತ್ತೇನೆ.

ಇಂಡಿಯನ್ ಸ್ಕೂಲಿಗೆ ಹೋಗುವ ಮಗಳು "ಪಪ್ಪಾ, ಇಟ್ಸ್ ಜಸ್ಟ್ ಎ ಫ್ರಿಜ್" ಎನ್ನುತ್ತಾಳೆ. ಹೆಂಡತಿ ಲಲಿತಾ ಒಲೆಯ ಮುಂದಿನಿಂದ ತಿರುಗದೆಯೇ, "ಸೌತೆಕಾಯಿ ಎಂತ ಹೇಳಿತು ಇವತ್ತು? ಚಳಿ ಆಗ್ತದಂತಾ?" ಎಂದು ಕೇಳುತ್ತಾಳೆ. ನೀವೂ ನಗಬಹುದು, ನನಗೇನೂ ಬೇಸರವಿಲ್ಲ. ಈ ಕೂಗಿಗೆ ನಗುವ ಬದಲು ನೋಟ್‌ಬುಕ್ ತೆಗೆದು ಬರೆದುಕೊಂಡವಳು ಒಬ್ಬಳೇ ಒಬ್ಬಳು, ನನ್ನ ತಂಗಿ ಶಶಿ. ಅವಳಿಗೆ ನಾನು ಮಾಡಿದ ಒಂದು ಅನ್ಯಾಯವನ್ನು ಹೇಳಲಿಕ್ಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ನೇರವಾಗಿ ಹೇಳುವ ಧೈರ್ಯ ಇಲ್ಲದ್ದರಿಂದ ಸ್ವಲ್ಪ ಸುತ್ತಿ ಬರುತ್ತೇನೆ.

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ, ಗ್ಯಾರೇಜುಗಳ ಸಾಲಿನ ಹಿಂದೆ, ಒಂದು ಕೋಲ್ಡ್ ಸ್ಟೋರ್ ಇದೆ. ಎಂಬತ್ತರ ದಶಕದ ಮೊದಲಿಗೆ ಬಂದ ನಾನು ಇಂದಿಗೂ ಅಲ್ಲಿಯೇ ಇದ್ದೇನೆ. ನನ್ನ ಕೆಲಸ ಹಿಮ ಕೆರೆಯುವುದು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲಿರುವಾಗ, ಮೊಣಕಾಲು ಮುಟ್ಟುವ ದಪ್ಪ ಜಾಕೆಟ್ ತೊಟ್ಟು ಛೇಂಬರಿನ ಒಳಗೆ ಹೋಗಿ, ಪೈಪುಗಳ ಮೇಲೂ ನೆಲದ ಮೇಲೂ ಕಟ್ಟಿದ ಹಿಮವನ್ನು ಕಬ್ಬಿಣದ ಸಲಾಕೆಯಿಂದ ಕೆರೆದು, ಬಕೆಟ್ಟಿನಲ್ಲಿ ತುಂಬಿ ಹೊರಗೆ ಸುರಿಯಬೇಕು. ಸುರಿದದ್ದು ನಾನು ತಿರುಗಿ ನೋಡುವಷ್ಟರಲ್ಲಿ ನೀರು, ಇನ್ನೊಮ್ಮೆ ನೋಡುವಷ್ಟರಲ್ಲಿ ಅದೂ ಇಲ್ಲ. ಇಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಹಿಡಿ ಹಿಮವೂ ನನ್ನ ಬಳಿ ಉಳಿದಿಲ್ಲ.

ಓದಿನ ವಿಷಯದಲ್ಲಿ ನನ್ನದು ಗಟ್ಟಿ ಮನಸ್ಸು. ಎಂಟನೆಯ ತರಗತಿಯಲ್ಲಿ ಎರಡು ಸಲ ಕೂತೆ. ಎರಡನೆಯ ಸಲವೂ ನಪಾಸಾದಾಗ ಮಾಸ್ಟ್ರು, "ವಾಸುದೇವ, ಈ ಬೆಂಚನ್ನು ನಿನ್ನ ಹೆಸರಿಗೇ ಬರೆದು ಕೊಡುದಾ?" ಎಂದು ಕೇಳಿದರು. ಮರುದಿನವೇ ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಸೇರಿದೆ. ಮೀನುಗಾರಿಕೆಯ ಬೋಟುಗಳಿಗೆ ಐಸ್ ಮಾಡುವ ಜಾಗ. ಉಪ್ಪುನೀರಿನ ತೊಟ್ಟಿಯಲ್ಲಿ ಸಿಹಿನೀರು ತುಂಬಿದ ಡಬ್ಬಿಗಳನ್ನು ಇಳಿಬಿಟ್ಟು, ಗಟ್ಟಿಯಾದ ಮೇಲೆ ಮೇಲೆತ್ತಿ ಮಗುಚಿದರೆ, ನನ್ನಷ್ಟೇ ಉದ್ದದ ಐಸಿನ ದಿಮ್ಮಿ ಜಾರಿ ಬರುತ್ತಿತ್ತು. ಅಂದಿನಿಂದ ಇಂದಿನವರೆಗೆ ನನ್ನ ಅನ್ನ ಐಸಿನದ್ದೇ. ನಡುವೆ ಕಡಲು ದಾಟಿದ್ದಷ್ಟೇ ವ್ಯತ್ಯಾಸ.

ಶಶಿ ನನಗಿಂತ ಏಳು ವರ್ಷ ಚಿಕ್ಕವಳು. ರಜೆಯ ದಿನಗಳಲ್ಲಿ ಅಮ್ಮ ಕಟ್ಟಿಕೊಟ್ಟ ಗಂಜಿಯ ತೂಕುಪಾತ್ರೆ ಹಿಡಿದು ಐಸ್ ಪ್ಲಾಂಟಿಗೆ ಬರುತ್ತಿದ್ದಳು. ದಿಮ್ಮಿಗಳನ್ನು ಮುಚ್ಚುವ ಉಮಿಯ ರಾಶಿಯ ಮೇಲೆ ಕೂತು, ನಾನು ಉಣ್ಣುವುದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಕೇಳಿದಳು:

"ಅಣ್ಣಾ, ಐಸು ಕರೆಯಲ್ಲಿ ಗಾಜಿನ ಹಾಗೆ ಉಂಟು, ನಡುವಿನಲ್ಲಿ ಮಾತ್ರ ಬಿಳಿ ಯಾಕೆ?"

ಹತ್ತು ವರ್ಷದ ತಂಗಿಯ ಮುಂದೆ ಗೊತ್ತಿಲ್ಲ ಎನ್ನಲು ಯಾವ ಅಣ್ಣನಿಗೆ ಮನಸ್ಸು ಬರುತ್ತದೆ? "ಚಳಿ ಮಾರಾಯ್ತಿ. ಹೊರಗೆ ಹೋಗಲಿಕ್ಕೆ ದಾರಿ ಸಿಗದೆ ಅಲ್ಲಿ ಒಟ್ಟಾಗಿದೆ" ಎಂದೆ. ಅವಳು ತಲೆಯಾಡಿಸಿದಳು. ಎರಡು ವರ್ಷ ಅದನ್ನೇ ನಂಬಿ, ಶಾಲೆಯಲ್ಲೆಲ್ಲ ಹೇಳಿ ಬಂದಳು. ಆಮೇಲೆ ಒಂದು ದಿನ ಗಂಜಿಯ ಪಾತ್ರೆ ಕೆಳಗಿಡುವ ಮೊದಲೇ ಹೇಳಿದಳು: "ಅಣ್ಣಾ, ಅದು ಚಳಿ ಅಲ್ಲಂತೆ, ಗಾಳಿಯ ಗುಳ್ಳೆಗಳಂತೆ. ಆದ್ರೆ ನೀನು ಹೇಳಿದ್ದು ಅರ್ಧ ಸರಿ. ಎಂತದೋ ಒಂದು ಒಳಗೆ ಸಿಕ್ಕಿಬಿದ್ದದ್ದು ಹೌದಲ್ವಾ?"

ಅವಳ ಇಡೀ ಸ್ವಭಾವ ಆ ಮಾತಿನಲ್ಲಿತ್ತು. ಎದುರಿನವನ ತಪ್ಪಿನಲ್ಲಿ ಅರ್ಧ ಸರಿಯನ್ನು ಹುಡುಕಿ, ಒರೆಸಿ, ಅವನ ಕೈಗೇ ಕೊಡುತ್ತಿದ್ದಳು. ಇಂಥವರ ಮುಂದೆ ಸುಳ್ಳು ಹೇಳುವುದು ಎಷ್ಟು ಸುಲಭ, ಹೇಳಿದ ಮೇಲೆ ಬದುಕುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅವಳು ಮೈಸೂರಿನಲ್ಲಿ ಭೂಗೋಳ ಓದಿ, ಸ್ಕಾಲರ್‌ಶಿಪ್ ಸಿಕ್ಕಿ, ಭೂಮಿಯ ನೆತ್ತಿಯ ಹತ್ತಿರದ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋದಾಗ ನಾನು ಮಸ್ಕತ್ತಿಗೆ ಬಂದು ಕೆಲವು ವರ್ಷ ಆಗಿತ್ತು. ಧ್ರುವದ ಕಡೆಯ ಹಿಮ, ಅಲ್ಲಿನ ಮೂಲನಿವಾಸಿ ಜನರ ಬದುಕು, ಅದು ಅವಳ ವಿಷಯ. ಜತೆಗೆ ಕೆಲಸ ಮಾಡುವ ಫೋರ್ಕ್‌ಲಿಫ್ಟ್ ಡ್ರೈವರ್ ಹಮೀದಾಕನಿಗೆ ಹೆಮ್ಮೆಯಿಂದ ಹೇಳಿದೆ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ಹಿರಿಯರು. ಸುಲೈಮಾನಿ ಚಾ ಹೀರುತ್ತ ಕೇಳಿ, "ಐಸ್ ಕಲಿಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ? ಇಲ್ಲಿಗೆ ಬರ್ಲಿಕ್ಕೆ ಹೇಳು. ಒಂದೇ ವಾರದಲ್ಲಿ ಪಾಸ್ ಮಾಡಿ ಕಳಿಸುವ" ಎಂದರು.

ನಾನು ಅವಳಿಗೆ ಬರೆದ ಮೊದಲ ಪತ್ರದಲ್ಲೇ ಎಡವಿದೆ. ಎಂಟನೆಯ ತರಗತಿಯ ಪುಸ್ತಕದಲ್ಲಿ ಎಸ್ಕಿಮೋ ಎಂದು ಒಂದು ಪಾಠವಿತ್ತು. ಎರಡು ಸಲ ಓದಿದ್ದರಿಂದ ನನಗೆ ಅದು ಬಾಯಿಪಾಠ. "ಎಸ್ಕಿಮೋಗಳು ಹೇಗಿದ್ದಾರೆ, ಹಸಿ ಮಾಂಸ ತಿನ್ನುವುದು ನಿಜವೇ" ಎಂದು ಕೇಳಿದೆ. ಅವಳ ಉತ್ತರ ಬಂತು: "ಅಣ್ಣಾ, ಅದು ಹೊರಗಿನವರು ಇಟ್ಟ ಹೆಸರು, ಇಲ್ಲಿಯವರಿಗೆ ಇಷ್ಟವಿಲ್ಲ. ನಿನ್ನನ್ನು ಯಾರಾದರೂ ಮೀನಿನ ವಾಸನೆಯವ ಎಂದು ಕರೆದರೆ ಹೇಗಿರುತ್ತದೆ?" ಅವರು ತಮಗೆ ತಾವೇ ಇಟ್ಟುಕೊಂಡ ಹೆಸರನ್ನೂ ಬರೆದಿದ್ದಳು. ಆ ಹೆಸರು ನನ್ನ ನಾಲಿಗೆಯಲ್ಲಿ ಹೊರಳದು. ತಪ್ಪಾಗಿ ಹೇಳುವುದಕ್ಕಿಂತ ಹೇಳದಿರುವುದು ಮರ್ಯಾದೆ ಎಂದು ಇಲ್ಲಿಯೂ ಬಿಟ್ಟಿದ್ದೇನೆ.

ಅವಳ ಪತ್ರಗಳಿಂದ ನನಗೆ ಸಂಶೋಧನೆ ಎಂದರೆ ಏನೆಂದು ತಿಳಿಯಿತು. ದೊಡ್ಡ ಓದಿನವರು ಹೋಗಿ, ನೋಡಿ, ಬರೆದುಕೊಂಡು ಬರುತ್ತಾರೆ ಎಂದಷ್ಟೇ ನಾನು ತಿಳಿದಿದ್ದೆ. ಶಶಿ ಹಾಗಲ್ಲ. ಮೊದಲು ಹೋಗಿ ಬರಬಹುದೇ ಎಂದು ಕೇಳುತ್ತಿದ್ದಳು. ಅವರು ಹೂಂ ಎಂದರೆ ಹೋಗಿ, ಹೆಂಗಸರ ಜತೆ ಕೂತು ಚರ್ಮ ಹೊಲಿಯಲು ಕಲಿತು, ಬೈಸಿಕೊಂಡು, ಆಮೇಲೆ ಒಂದೆರಡು ಮಾತು ಬರೆಯುತ್ತಿದ್ದಳು. ಬರೆದದ್ದನ್ನು ಅವರ ಮುಂದೆ ಅವರ ಭಾಷೆಯಲ್ಲೇ ಓದಿ, "ಇದು ನಿಮ್ಮ ಮಾತು, ಹೊರಗೆ ಹೋಗಬಹುದಾ?" ಎಂದು ಕೇಳುತ್ತಿದ್ದಳು. ಬೇಡ ಎಂದರೆ ಆ ಹಾಳೆ ಹರಿದು ಅವರ ಕೈಗೇ ಕೊಡುತ್ತಿದ್ದಳು. ಒಂದು ಸಲ ಒಬ್ಬ ಅಜ್ಜಿ ಬೇಡವೆಂದು ತಲೆ ಅಲ್ಲಾಡಿಸಿದ್ದಕ್ಕೆ ವರ್ಷಗಟ್ಟಲೆಯ ಕೆಲಸದ ಒಂದು ಭಾಗವನ್ನೇ ಬಿಟ್ಟುಕೊಟ್ಟಿದ್ದಳು. ಇದನ್ನು ಓದಿ ಹೇಳಿದಾಗ ಹಮೀದಾಕ ಚಾ ಲೋಟ ಕೆಳಗಿಟ್ಟರು. "ನಿನ್ನ ತಂಗಿ ದೊಡ್ಡ ಜನ ಮಾರಾಯ. ನಮ್ಮತ್ರ ಯಾರಾದ್ರೂ ಎಂತಾದ್ರೂ ಕೇಳಿದ್ದುಂಟಾ ಇಷ್ಟರವರೆಗೆ?" ಎಂದರು.

ಅವಳು ಊರಿಗೆ ಹೋಗುವ ದಾರಿಯಲ್ಲಿ ಮಸ್ಕತ್ತಿನಲ್ಲಿ ಇಳಿದು ಹತ್ತು ದಿನ ನನ್ನ ಜತೆ ಇದ್ದದ್ದು ಒಂದು ಜನವರಿಯಲ್ಲಿ. ನಾನು ಅವಳಿಗೆ ಮತ್ರಾದ ಹಳೆಯ ಪೇಟೆ ಸೂಕ್, ಕಡಲಂಚಿನ ರಸ್ತೆ ಎಲ್ಲ ತೋರಿಸಬೇಕೆಂದಿದ್ದೆ. ಅವಳು, "ಅದೆಲ್ಲ ಇರಲಿ, ನಿನ್ನ ಐಸ್ ತೋರಿಸು" ಎಂದಳು.

ಹಮೀದಾಕ ಅವಳಿಗೆ ಇದ್ದುದರಲ್ಲಿ ಒಳ್ಳೆಯ ಜಾಕೆಟ್ ಹುಡುಕಿ ಕೊಟ್ಟರು. ಅವಳು ಅದರ ಗುಂಡಿಯನ್ನೂ ಹಾಕಲಿಲ್ಲ. "ಇದು ನಮ್ಮಲ್ಲಿ ಒಳ್ಳೆಯ ಹವಾ" ಎಂದಳು. ಅವಳು 'ನಮ್ಮಲ್ಲಿ' ಎಂದದ್ದು ಕೇಳಿ ನನಗೆ ಒಂದು ಬಗೆಯಾಯಿತು. ಛೇಂಬರಿನಲ್ಲಿ ಕೋಳಿಯ ಪೆಟ್ಟಿಗೆಗಳ ನಡುವೆ ನಿಂತು, "ಇದಕ್ಕೆಲ್ಲ ನೀವು ಎಂತ ಹೆಸರು ಹೇಳುದು?" ಎಂದು ಕೇಳಿದಳು.

ಹೆಸರು! ಹಿಮಕ್ಕೆ ನಾವೇ ಇಟ್ಟುಕೊಂಡ ಹೆಸರುಗಳು ಇದ್ದವು. ಬಾಗಿಲ ಹತ್ತಿರ ಉದುರು ಉದುರಾಗಿ ಕೂರುವುದು 'ರವೆ'. ಪೈಪಿನ ಮೇಲೆ ನೆಟ್ಟಗೆ ಬೆಳೆಯುವುದು 'ಸೂಜಿ'. ಬಾಗಿಲಿನ ರಬ್ಬರು ಸವೆದಲ್ಲಿ ಗಾಳಿ ನುಗ್ಗಿ ಜೋಲಾಡುವುದು 'ಗಡ್ಡ'. ನೆಲದ ಮೇಲೆ ಕಾಣದ ಹಾಗೆ ಕಟ್ಟಿ ಮನುಷ್ಯನನ್ನು ಬೀಳಿಸುವುದು 'ಗಾಜು'. ಸಲಾಕೆಯಿಂದ ತಟ್ಟಿ, ಬರುವ ಸದ್ದಿನಿಂದಲೇ ಅದರ ದಪ್ಪ ಹೇಳುತ್ತಿದ್ದೆ. ನಾನು ನಾಚಿಕೆಯಿಂದಲೇ ಹೇಳಿದೆ. ಅವಳು ಕೈಗವಸು ತೆಗೆದು ಒಂದೊಂದನ್ನೂ ಬರೆದುಕೊಂಡಳು. "ನಾನು ಬರೆದಿದ್ದೆನಲ್ಲ, ಅಲ್ಲಿಯ ಆ ಅಜ್ಜಿಯೂ ಹೀಗೇ, ಅಣ್ಣ. ಕೋಲಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ಕಾಲಿಡುದು. ನೀವಿಬ್ಬರು ಒಂದು ಸಲ ಕೂತು ಮಾತಾಡಬೇಕಿತ್ತು" ಎಂದಳು. ಎರಡು ಸಲ ಎಂಟನೆಯ ತರಗತಿ ಮಾಡಿದವನ ಮಾತನ್ನು ವಿಶ್ವವಿದ್ಯಾಲಯ ಬರೆದುಕೊಳ್ಳುತ್ತಿತ್ತು. ಛೇಂಬರಿನೊಳಗೆ ನನ್ನ ಕಿವಿ ಬೆಚ್ಚಗಾದದ್ದು ಅದೊಂದೇ ದಿನ.

ಹೊರಗೆ ಬಂದು ನಾನು ಅಭ್ಯಾಸದಂತೆ ಕೂಗಿದೆ. ತುಳುವಿನಲ್ಲಿ ಒಮ್ಮೆ, "ಅಂದರ್ ಕೋಯೀ ಹೈ ಕ್ಯಾ?" ಎಂದು ಒಮ್ಮೆ, "ಫೀ ಹದ್ ದಾಖಿಲ್?" ಎಂದು ಅರಬ್ಬಿಯಲ್ಲಿ ಒಮ್ಮೆ. ಹತ್ತು ಎಣಿಸಿ ಬಾಗಿಲು ಹಾಕಿದೆ. ಹಮೀದಾಕ ಎಂದಿನಂತೆ ಹಿಂದಿನಿಂದ, "ರೈಟ್, ಪೋಯಿ!" ಎಂದರು. ಊರಿನ ಬಸ್ಸಿನ ಕಂಡಕ್ಟರ್ ಹಾಗೆ ಕೂಗುತ್ತೇನೆಂದು ಅವರು ನನಗೆ ಇಟ್ಟ ಹೆಸರೇ ಕಂಡಕ್ಟರ್ ವಾಸು.

"ಇದು ಕಂಪನಿಯ ರೂಲಾ?" ಶಶಿ ಕೇಳಿದಳು.

"ರೂಲೂ ಇಲ್ಲ ಎಂತದೂ ಇಲ್ಲ. ಇದು ನನ್ನಿಂದ ಆದದ್ದು ಪುಟ್ಟೀ" ಎಂದು ಹಮೀದಾಕನೇ ಹೇಳಿದರು. ನಾನು ಬಂದ ಮೊದಲ ಬೇಸಗೆಯಲ್ಲಿ ಅವರು ಒಳಗಿದ್ದಾಗ ಬಾಗಿಲು ಹಾಕಿದವನು ನಾನೇ. ಒಳಗಿನ ಹಿಡಿಕೆ ಹಿಮ ಕಟ್ಟಿ ತಿರುಗಲಿಲ್ಲ. ಮೊಳೆಯ ಮೇಲೆ ಒಂದು ಜಾಕೆಟ್ ಕಡಿಮೆ ಇರುವುದನ್ನು ಕಂಡು ನಾನು ಓಡಿಹೋಗಿ ತೆಗೆಯುವಾಗ ಅರ್ಧ ಗಂಟೆ ಆಗಿತ್ತು. "ಇವ ಕೂಗಿದ್ದ. ಕೂಗಲಿಲ್ಲ ಅಂತ ಅಲ್ಲ. ನಂಗೆ ಕೇಳಿತು ಸಹ. ಇದ್ದೇನೆ ಅಂತ ಹೇಳ್ಲಿಕ್ಕೆ ಬಾಯಿ ತೆರೆದೆ, ನಾಲಿಗೆ ಇಷ್ಟು ದಪ್ಪ! ಚಳಿ ಹಿಡಿದವನಿಗೆ ಮಾತು ಬರ್ಲಿಕ್ಕೆ ಹೊತ್ತು ಬೇಕು ಪುಟ್ಟೀ. ಅಷ್ಟರಲ್ಲಿ ಇವ ಧಡಕ್ ಅಂತ ಹಾಕಿ ಆಗಿತ್ತು. ಖಲಾಸ್ ಅಂತ ಎಣಿಸಿದೆ."

ಆ ದಿನದಿಂದ ಕೂಗಿದ ಮೇಲೆ ಹತ್ತು ಎಣಿಸುವುದು ಶುರುವಾಯಿತು.

ಶಶಿ ಬಾಗಿಲನ್ನೇ ನೋಡುತ್ತ ನಿಂತಳು. "ಕೂಗಿದರೆ ಸಾಲದು. ಕಾಯಬೇಕು" ಎಂದು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಅದನ್ನೂ ಬರೆದುಕೊಂಡಳು.

ಇಲ್ಲಿಂದ ಮುಂದೆ ಬರೆಯಲು ನನಗೆ ಕಷ್ಟ. ಹಾಗಾಗಿ ಮೊದಲು ನನ್ನ ಟೈಯ ಕತೆ ಹೇಳುತ್ತೇನೆ.

ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಊರ ಕಡೆಯ ಶೆಟ್ರ ಮನೆ. ಅವರು ಒಂದು ಆಫೀಸಿನಲ್ಲಿ ಅಕೌಂಟೆಂಟ್. ಶುಕ್ರವಾರ ಅವರ ಮನೆಯಲ್ಲಿ ನಮ್ಮ ಕಡೆಯವರೆಲ್ಲ ಸೇರುತ್ತಿದ್ದರು. ನಾನು ಮೊದಲ ಸಲ ಹೋದ ದಿನ ಕೋರಿ ರೊಟ್ಟಿ. ಬಾಯಿ ತುಂಬ ತುಂಬಿಕೊಂಡಿದ್ದಾಗ ಶೆಟ್ರು, "ಕೋಲ್ಡ್ ಸ್ಟೋರಲ್ಲಿ ನೀವು ಎಂತ, ಸೂಪರ್‌ವೈಸರಾ?" ಎಂದು ಕೇಳಿದರು. ಅಲ್ಲ ಎನ್ನಬೇಕಾದರೆ ರೊಟ್ಟಿ ನುಂಗಬೇಕಿತ್ತು. ತಲೆಯಾಡಿಸುವುದು ಸುಲಭವಾಗಿತ್ತು. ಮುಂದಿನ ಶುಕ್ರವಾರದಿಂದ ಆ ತಲೆಯಾಟಕ್ಕೆ ತಕ್ಕಂತೆ ಟೈ ಕಟ್ಟಬೇಕಾಯಿತು. ವರ್ಷಗಟ್ಟಲೆ ಶುಕ್ರವಾರದ ಬಿಸಿಲಿನಲ್ಲಿ ಟೈ ಬಿಗಿದುಕೊಂಡು ಕೋರಿ ರೊಟ್ಟಿ ತಿಂದವನು ನಾನು. ಶಶಿ ಬಂದುಹೋದ ಆ ವರ್ಷ ಶೆಟ್ರು ತಮ್ಮ ಹೆಂಡತಿಯ ಕಡೆಯ ಹುಡುಗಿ ಲಲಿತಾಳ ಸಂಬಂಧ ಮಾತಾಡಿದ್ದರು. "ಹುಡುಗ ಮಸ್ಕತ್ತಿನಲ್ಲಿ ಸೂಪರ್‌ವೈಸರ್" ಎಂದು ಊರಿಗೆ ಪತ್ರ ಹೋಗಿತ್ತು.

ಅದೇ ವಾರ ಶಶಿಯ ಪತ್ರ ಬಂತು. ಆರು ಹಾಳೆ, ಕನ್ನಡದಲ್ಲಿ. ಅಲ್ಲಿಯ ಕೊಲ್ಲಿಯಲ್ಲಿ ಚಳಿಗಾಲದಲ್ಲೂ ಹಿಮ ಒಡೆದು ಹಡಗು ಬಿಡುವ ಯೋಜನೆ ಇತ್ತು. ಆ ಹಿಮದ ಮೇಲೆಯೇ ಅಜ್ಜಿಯ ಜನ ಚಳಿಗಾಲದ ಮೀನಿನ ಜಾಗಕ್ಕೆ ಹೋಗುವ ದಾರಿ. ಹಡಗು ಹೋದರೆ ದಾರಿ ತುಂಡು. ಸರ್ಕಾರದ ಸಮಿತಿ ವಿಶ್ವವಿದ್ಯಾಲಯದವರನ್ನು ಮಾತ್ರ ಕರೆದಿತ್ತು. ಆ ಜನರಿಗೆ ಒಂದು ಸುತ್ತೋಲೆ ಕಳಿಸಿ, ಉತ್ತರ ಬರುವ ಮೊದಲೇ ಕಡತ ಮುಗಿಸಲು ಹೊರಟಿತ್ತು. ಪ್ರೊಫೆಸರರ ತಂಡದಲ್ಲಿ ಶಶಿಗೆ ಮಾತಾಡಲು ಸ್ವಲ್ಪ ಹೊತ್ತು ಸಿಕ್ಕಿತ್ತು.

"ನಾನು ನಿನ್ನ ಬಾಗಿಲಿನಿಂದ ಶುರು ಮಾಡಬೇಕೆಂದಿದ್ದೇನೆ, ಅಣ್ಣ" ಎಂದು ಬರೆದಿದ್ದಳು. "ಮರುಭೂಮಿಯ ಒಂದು ಕೋಲ್ಡ್ ಸ್ಟೋರಿನಲ್ಲಿ ಹಿಮ ಕೆರೆಯುವ ನನ್ನ ಅಣ್ಣ ಬಾಗಿಲು ಹಾಕುವ ಮೊದಲು ಕೂಗಿ, ಒಳಗಿನವನ ನಾಲಿಗೆ ತಿರುಗುವವರೆಗೆ ಕಾಯುತ್ತಾನೆ. ಅಷ್ಟನ್ನು ನೀವೂ ಮಾಡಿ ಎಂದು ಸಮಿತಿಯನ್ನು ಕೇಳುತ್ತೇನೆ. ಇದು ಅಚ್ಚಾಗಿಯೂ ಬರುತ್ತದೆ. ಇದು ನಿನ್ನ ಮಾತು, ಹೊರಗೆ ಹೋಗಬಹುದಾ? ಬೇಡ ಎಂದರೆ ಯಾಕೆ ಎಂದು ಕೇಳುವುದಿಲ್ಲ." ಜತೆಗೆ ಒಂದು ಒಪ್ಪಿಗೆಯ ಹಾಳೆ. ಅದರಲ್ಲಿ ಅವಳ ಕೈಯಿಂದಲೇ ಕನ್ನಡದಲ್ಲಿ ಬರೆದ ಮೂರು ಸಾಲು: ಹೆಸರು, ಉದ್ಯೋಗ, ಒಪ್ಪಿಗೆ ಇದೆಯೇ.

ಉದ್ಯೋಗ ಎಂಬಲ್ಲಿ ನನ್ನ ಪೆನ್ನು ನಿಂತಿತು.

ಉತ್ತರ ಧ್ರುವದ ಕಡೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಪುಸ್ತಕ ಅಜೈಬಾದ ಶೆಟ್ರ ಮನೆಗೆ ಬಂದು, ಅವರು ಅದನ್ನು ಕೋರಿ ರೊಟ್ಟಿಯ ಮುಂದೆ ಓದಿ, ಸಂಬಂಧ ಮುರಿಯುತ್ತದೆ ಎಂದು ನಾನು ನಿಜವಾಗಿಯೂ ಹೆದರಿದೆ. ಈಗ ನೆನೆದರೆ ನಗು ಬರುತ್ತದೆ. ಆ ದಿನ ಬೆವರು ಬಂದಿತ್ತು.

ಬೇಡ ಎಂದಷ್ಟೇ ಬರೆದಿದ್ದರೆ ಸಾಕಿತ್ತು. ಅವಳೇ ಹೇಳಿದ್ದಳಲ್ಲ, ಯಾಕೆ ಎಂದು ಕೇಳುವುದಿಲ್ಲ ಎಂದು. ಅವಳು ಕೇಳದ ಪ್ರಶ್ನೆಗೆ ನಾನು ಉತ್ತರ ಕಟ್ಟಿದೆ. "ನಮ್ಮ ಕಫೀಲ್ ಬಹಳ ಸಿಡುಕಿನ ಮನುಷ್ಯ. ಒಳಗಿನ ಸುದ್ದಿ ಹೊರಗೆ ಹೋಯಿತೆಂದು ಗೊತ್ತಾದರೆ ವೀಸಾ ಕ್ಯಾನ್ಸಲ್, ನನ್ನ ಕೆಲಸ ಖಲಾಸ್. ದಯವಿಟ್ಟು ಬೇಡ" ಎಂದು ಬರೆದು ಕಳಿಸಿದೆ.

ನಮ್ಮ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿ, ಹೇಗಿದ್ದರು ಎಂದು ಹೇಳಬೇಕು. ಬಿಳಿ ಗಡ್ಡದ ಮುದುಕ. ವಾರಕ್ಕೊಮ್ಮೆ ಬಂದು, ಎಲ್ಲರ ಮನೆಯ ಕ್ಷೇಮ ಕೇಳಿ, ಕಾರಿನ ಹಿಂದಿನಿಂದ ಖರ್ಜೂರದ ಡಬ್ಬಿ ತೆಗೆದು ಹಂಚಿ ಹೋಗುವವರು. ನನ್ನ ಕೂಗು ಕೇಳಿದರೆ ದೂರದಿಂದಲೇ ತಾವೂ "ಫೀ ಹದ್?" ಎಂದು ಕೂಗಿ, ಬೆರಳು ಮಡಚಿ ಹತ್ತು ಎಣಿಸಿ, "ಯಲ್ಲಾ, ಅಬ್ ಬಂದ್ ಕರೋ" ಎಂದು ನಗುವವರು. ಅಂಥವರ ತಲೆಗೆ ನನ್ನ ಸುಳ್ಳನ್ನು ಕಟ್ಟಿದೆ.

ಶಶಿಯ ಉತ್ತರ ಬೇಗ ಬಂತು. "ಅಣ್ಣಾ, ತಪ್ಪು ನನ್ನದು. ನಿನ್ನ ಅನ್ನಕ್ಕೆ ಅಪಾಯ ತರುವ ವಿಷಯವೆಂದು ನನಗೆ ಹೊಳೆಯಬೇಕಿತ್ತು. ಇಷ್ಟು ಓದಿಯೂ ಸ್ವಂತ ಅಣ್ಣನ ವಿಷಯದಲ್ಲಿ ಮೈಮರೆತೆ. ಕ್ಷಮಿಸು." ಅದರ ಜತೆ ಮಡಚಿದ ಒಂದು ಹಾಳೆ. ರವೆ, ಸೂಜಿ, ಗಡ್ಡ, ಗಾಜು, ಕೂಗು, ಹತ್ತು ಎಣಿಕೆ. ಛೇಂಬರಿನ ಚಳಿಯಲ್ಲಿ ಸೊಟ್ಟಗಾದ ಅವಳ ಅಕ್ಷರ. ಅಜ್ಜಿಗೆ ಕೊಟ್ಟ ಹಾಗೆಯೇ, ನೋಟ್‌ಬುಕ್ಕಿನಿಂದ ಹರಿದು ನನಗೆ ವಾಪಸು ಕಳಿಸಿದ್ದಳು. "ಇದು ನಿನ್ನದು" ಎಂದು ಮೂಲೆಯಲ್ಲಿ ಬರೆದಿದ್ದಳು.

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳ ಜನರನ್ನು ಕಾಯಲೆಂದು ಅವಳು ಕಟ್ಟಿಕೊಂಡ ನಿಯಮದ ಮರೆಯಲ್ಲಿ ನಾನು ನನ್ನ ಟೈಯನ್ನು ಬಚ್ಚಿಟ್ಟಿದ್ದೆ. ಅದಕ್ಕೆ ಅವಳು ನನ್ನಲ್ಲಿ ಕ್ಷಮೆ ಕೇಳಿದ್ದಳು.

ಸಮಿತಿಯ ಮುಂದೆ ಅವಳು ನಕ್ಷೆ, ಪಟ್ಟಿ ಹಿಡಿದು ಮಾತಾಡಿದಳಂತೆ. ಎಲ್ಲರೂ ಮರ್ಯಾದೆಯಿಂದ ಕೇಳಿದರಂತೆ, ಒಬ್ಬರು ಗಡಿಯಾರ ನೋಡಿದರಂತೆ. ಪರೀಕ್ಷೆಗೆಂದು ಹಡಗಿಗೆ ಒಪ್ಪಿಗೆ ಸಿಕ್ಕಿತು. ಆ ಚಳಿಗಾಲ ಕೊಲ್ಲಿಯ ನಡುವೆ ಕಪ್ಪು ನೀರಿನ ಗೆರೆ ಬಿತ್ತು. ಒಂದು ದಿನದ ದಾರಿಗೆ ಆ ಜನ ಮೂರು ದಿನ ಸುತ್ತಬೇಕಾಯಿತು. ಅಷ್ಟು ಸುತ್ತಲಾರದೆ ಅಜ್ಜ, ಅಜ್ಜಿಯರು ಮನೆಯಲ್ಲೇ ಉಳಿದರು. ಸಲಾಕೆಯಿಂದ ತಟ್ಟಿ ಕಿವಿಗೊಡುವ ನನಗೆ, ಕೋಲು ಗೋಡೆಗೊರಗಿಸಿ ಕೂತ ಆ ಅಜ್ಜಿ ಎಷ್ಟೋ ದಿನ ಕಣ್ಣ ಮುಂದೆ ಬರುತ್ತಿದ್ದಳು. ನನ್ನ ಹತ್ತು ಎಣಿಕೆಯ ಮಾತು ಕೇಳಿದ್ದರೆ ಸಮಿತಿಯ ಆ ದೊಡ್ಡವರು ಹಡಗು ತಡೆಯುತ್ತಿದ್ದರು ಎಂದು ಹೇಳುವಷ್ಟು ಜಂಬ ನನಗಿಲ್ಲ. ತಡೆಯುತ್ತಿರಲಿಲ್ಲ ಎಂದು ಹೇಳುವ ಹಕ್ಕೂ ನನಗಿಲ್ಲ.

ಶಶಿ ಮಾತ್ರ ಬಿಡಲಿಲ್ಲ. ಮೂರು ಚಳಿಗಾಲ ಆ ಜನರ ಜತೆ ಅರ್ಜಿ ಬರೆದಳು, ತನಗೆ ಸಿಕ್ಕ ಕುರ್ಚಿಯಲ್ಲಿ ಅಜ್ಜಿಯನ್ನೇ ಕೂರಿಸುವವರೆಗೆ ಸಮಿತಿಯ ಬಾಗಿಲಲ್ಲಿ ನಿಂತಳು. ಕೊನೆಗೆ ಅಜ್ಜಿ ಹೋಗಿ ತನ್ನ ಭಾಷೆಯಲ್ಲಿ ಮಾತಾಡಿದಳು. ನಡುಚಳಿಯ ತಿಂಗಳುಗಳಲ್ಲಿ ಹಡಗು ಬರಬಾರದು ಎಂದಾಯಿತು. ಆ ಪತ್ರದಲ್ಲಿ ಶಶಿ ತಾನು ಮಾಡಿದ್ದರ ಬಗ್ಗೆ ಒಂದೂವರೆ ಸಾಲು ಬರೆದಿದ್ದಳು, ಅಜ್ಜಿ ಹಾಕಿಕೊಂಡು ಹೋಗಿದ್ದ ಬೂಟಿನ ಹೊಲಿಗೆಯ ಬಗ್ಗೆ ಒಂದು ಇಡೀ ಪುಟ.

ಇಷ್ಟರಲ್ಲಿ ನನ್ನ ಮದುವೆಯಾಗಿತ್ತು. ಮಸ್ಕತ್ತಿಗೆ ಬಂದ ಎರಡನೆಯ ವಾರ ಲಲಿತಾ ನನ್ನ ಅಂಗೈ ತಿರುಗಿಸಿ ನೋಡಿ, "ನಿಮ್ಮ ಸೂಪರ್‌ವೈಸರ್ ಕೆಲಸ ಇನ್ನು ಸಾಕು. ಟೈಯನ್ನು ಕಿಟಕಿ ಪರದೆ ಕಟ್ಟಲಿಕ್ಕೆ ಕೊಡಿ" ಎಂದಳು. ನಿಂಗೆ ಹೇಗೆ ಗೊತ್ತಾಯಿತು ಎಂದರೆ ಮದುವೆಗೆ ಮೊದಲೇ ಗೊತ್ತಿತ್ತಂತೆ. ಶೆಟ್ರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಕಿವಿಯ ಮೇಲೆ ಚಳಿ ಸುಟ್ಟ ಕಲೆ ಇರುವ ಸೂಪರ್‌ವೈಸರನ್ನು ನಾನು ಮಸ್ಕತ್ತಲ್ಲಿ ನೋಡ್ಲಿಲ್ಲ ಮಾರಾಯ್ರೆ! ನೀವು ಟೈ ಕಟ್ಟಿ ಬರುವಾಗ ಬೇಜಾರು ಮಾಡುದು ಬೇಡ ಅಂತ ನಾವೆಲ್ಲ ಸುಮ್ಮನಿದ್ದದ್ದು. ಹುಡುಗಿ ಮನೆಗೆ ಎರಡನೇ ಪತ್ರದಲ್ಲೇ ಸರಿ ಮಾಡಿ ಬರೆದಿದ್ದೆ." ಇಡೀ ಅಜೈಬಾಕ್ಕೆ ಗೊತ್ತಿದ್ದದ್ದನ್ನು ಮುಚ್ಚಲು ನಾನು ತಂಗಿಯ ಬಾಯಿ ಮುಚ್ಚಿಸಿದ್ದೆ.

ಕೆಲವು ವರ್ಷಗಳ ಮೇಲೆ ಶಶಿ ಮತ್ತೆ ಬಂದಳು. ತಲೆಯಲ್ಲಿ ಒಂದೆರಡು ಬಿಳಿಗೂದಲು, ಮಾತು ಮೊದಲಿಗಿಂತಲೂ ಮೆಲ್ಲಗೆ. ಈ ಸಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ನಾನು ಹೇಳುವ ಮೊದಲೇ, ಅವಳು ಬಂದ ಸುದ್ದಿ ಕೇಳಿ ಕಫೀಲರೇ ಸ್ಟೋರಿಗೆ ಬಂದು, "ವಾಸು ಕಾ ಬಹನ್, ಪ್ರೊಫೆಸರ್!" ಎಂದು ತಮ್ಮ ಆಫೀಸಿನಲ್ಲಿ ಕೂರಿಸಿದರು. ಕಹ್ವಾ ಕಾಫಿ ಬಗ್ಗಿಸಿ, ಹಲ್ವಾದ ತಟ್ಟೆ ಮುಂದಿಟ್ಟು, ನನ್ನನ್ನು ತೋರಿಸಿ ಹೇಳಿದರು: "ಯೇ ಆದ್ಮಿ ಬಹುತ್ ಅಚ್ಛಾ. ಫೀ ಹದ್ ಬೋಲ್ತಾ, ಫಿರ್ ರುಕ್ತಾ. ಮೈ ಸಬ್ ಕೋ ಬೋಲ್ತಾ, ಇಸ್ ಕೆ ಜೈಸಾ ಕರೋ." ಎಲ್ಲರಿಗೂ ಇವನ ಹಾಗೆ ಕೂಗಿ ಕಾಯಿರಿ ಎಂದು ಹೇಳುತ್ತಾರಂತೆ. ಎದ್ದು ನಿಂತು, ಬಾಗಿಲ ಹತ್ತಿರ ಹೋಗಿ, ಕೂಗಿ, ಬೆರಳು ಮಡಚಿ ಎಣಿಸಿಯೂ ತೋರಿಸಿದರು.

ಶಶಿ ನಕ್ಕಳು, ಶುಕ್ರನ್ ಎಂದು ಉಪಕಾರ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು. ನಾನು ಕಹ್ವಾದ ಬಟ್ಟಲಿನ ತಳ ನೋಡುತ್ತಿದ್ದೆ.

ಮೂರು ದಿನದ ನಂತರ ಏರ್‌ಪೋರ್ಟಿಗೆ ಬಿಡಲು ಹೋಗುವಾಗ ಕಾರಿನಲ್ಲಿ ನಾವಿಬ್ಬರೇ. ರೂವಿ ದಾಟಿದ ಮೇಲೆ ಕೇಳಿದಳು: "ಅಣ್ಣಾ, ನಂಗೆ ಎಂತಾದ್ರೂ ಹೇಳ್ಲಿಕ್ಕುಂಟಾ?"

ಅಷ್ಟೇ. ಮತ್ತೆ ಕೇಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಖುರುಮ್ ಬಂತು, ಅಜೈಬಾ ಬಂತು, ಶೆಟ್ರ ಮನೆಗೆ ತಿರುಗುವ ರಸ್ತೆ ಹಿಂದೆ ಹೋಯಿತು. ಬಾಯಿ ತೆರೆದೆ. "ಬಿಸಿಲು ಜೋರುಂಟು ಅಲ್ವಾ" ಎಂದೆ. "ಹೌದು" ಎಂದಳು. ಒಳಗೆ ಹೋಗುವಾಗ ನನ್ನ ಕೈ ಹಿಡಿದು, ಅಂಗೈಯ ಮೇಲಿನ ಒಡಕುಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಹೋದಳು. ಎಷ್ಟು ಹತ್ತುಗಳನ್ನು ಎಣಿಸಿದ್ದಳೋ ನನಗೆ ತಿಳಿಯದು.

ಅದಾಗಿ ಈಗ ಮೂರು ವರ್ಷ. ಅವಳು ಹರಿದು ಕೊಟ್ಟ ಹಾಳೆ, ನಾನು ತುಂಬದೆ ಬಿಟ್ಟ ಒಪ್ಪಿಗೆಯ ಹಾಳೆ, ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಛೇಂಬರಿನ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಬರಹವನ್ನು ಓದಿದರೆ ಅವಳು ಇದರಲ್ಲಿಯೂ ಯಾವುದೋ ಅರ್ಧ ಸರಿಯನ್ನು ಹುಡುಕಿ ನನಗೆ ಕೊಡುತ್ತಾಳೆ. ಈ ಸಲ ಅದು ನನಗೆ ಬೇಡ. ಇದು ಪೂರ್ತಿ ತಪ್ಪು, ಇದು ನನ್ನದು.

ಇವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟೋರಿನ ಹೊರಗಿನ ಮೆಟ್ಟಿಲ ಮೇಲೆ ಕೂತು ಒಪ್ಪಿಗೆಯ ಹಾಳೆ ಬಿಡಿಸಿದೆ. ಹಮೀದಾಕ ಪಕ್ಕದಲ್ಲಿ ಚಾ ಕುಡಿಯುತ್ತಿದ್ದರು. "ಎಂತ ಮಾರಾಯ, ಪರೀಕ್ಷೆಯಾ?" ಎಂದರು. "ಹೌದು, ಎಂಟನೇ ಕ್ಲಾಸಿನದ್ದು" ಎಂದೆ. ಹೆಸರು: ವಾಸುದೇವ. ಉದ್ಯೋಗ: ಕೋಲ್ಡ್ ಸ್ಟೋರಿನಲ್ಲಿ ಹಿಮ ಕೆರೆಯುವುದು. ಒಪ್ಪಿಗೆ ಇದೆಯೇ: ಇದೆ. ಕೆಳಗೆ ಜಾಗ ಉಳಿದಿತ್ತು. ಅದರಲ್ಲಿ ಒಂದೇ ಒಂದು ಮಾತು ಬರೆದು ಲಕೋಟೆಗೆ ಹಾಕಿದೆ.

"ಶಶೀ, ನೀನು ಕೂಗಿದ್ದು ಕೇಳಿತ್ತು. ಒಳಗೇ ಇದ್ದೆ."